ಧ್ರುವ ಮುಟ್ಟಿದ ಹೊಗೆ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ವಾಯುಪಡೆಗೆ ಉತ್ತರ ಧ್ರುವದ ಹವೆಯನ್ನು ತಿಳಿಯುವುದು ತುರ್ತಿನ ಕೆಲಸವಾಯಿತು. ಭೂಗೋಳದ ಮೇಲೆ ದಾರವಿಟ್ಟು ಅಳೆದರೆ ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ನಡುವಿನ ಹತ್ತಿರದ ಹಾದಿ ಧ್ರುವ ಪ್ರದೇಶದ ಮೇಲೆಯೇ ಹಾದುಹೋಗುತ್ತದೆ. ಮುಂದಿನ ಯುದ್ಧವೇನಾದರೂ ನಡೆದರೆ ವಿಮಾನಗಳು ಅಲ್ಲಿ ಹಾರಬೇಕಾಗುತ್ತದೆ, ಹಾಗಾಗಿ ಅಲ್ಲಿನ ಗಾಳಿ, ಮೋಡ, ಚಳಿಗಳ ಲೆಕ್ಕ ಬೇಕು. ಅಲಾಸ್ಕದ ನೆಲೆಗಳಿಂದ ಹವಾಮಾನ ವಿಮಾನಗಳು ಧ್ರುವದ ಕಡೆಗೆ ಹೋಗಿಬರತೊಡಗಿದವು. ಹಿಮನಾಡಿನ ಒಂದು ಹಕ್ಕಿಯ ನೆನಪಿಗೆ ಈ ಹಾರಾಟಗಳನ್ನು ‘ಟಾರ್ಮಿಗನ್’ ಎಂದು ಕರೆದರು.

ಈ ವಿಮಾನಗಳ ಸಿಬ್ಬಂದಿ ಒಂದು ವಿಚಿತ್ರವನ್ನು ಮತ್ತೆ ಮತ್ತೆ ವರದಿ ಮಾಡಿದರು. ಕೆಳಗೆ ಬರೀ ಹೆಪ್ಪುಗಟ್ಟಿದ ಸಮುದ್ರ, ಸುತ್ತ ಸಾವಿರಾರು ಕಿಲೋಮೀಟರ್ ಊರಿಲ್ಲ, ಕೇರಿಯಿಲ್ಲ. ಮೋಡವೂ ಇಲ್ಲದ ಶುಭ್ರ ದಿನ. ಆದರೂ ದಿಗಂತ ಕಾಣುತ್ತಿರಲಿಲ್ಲ. ಸೂರ್ಯನ ಕಡೆ ತಿರುಗಿ ನೋಡಿದರೆ ಕಂದುಗೆಂಪು, ಸೂರ್ಯನಿಗೆ ಬೆನ್ನು ಮಾಡಿದರೆ ಬೂದುನೀಲಿ ಬಣ್ಣದ ಮಸುಕು. ನೂರಾರು ಕಿಲೋಮೀಟರ್ ಹರಡಿಕೊಂಡು, ಪದರ ಪದರವಾಗಿ, ವಿಮಾನ ಹಾರುವ ಎತ್ತರದವರೆಗೂ ಅದು ಕವಿದಿರುತ್ತಿತ್ತು.

ವಾಯುಪಡೆಯ ಹವಾಮಾನ ಅಧಿಕಾರಿಯಾಗಿ ಅಲಾಸ್ಕದಲ್ಲಿದ್ದ ಜೆ. ಮರ್ರೆ ಮಿಚೆಲ್ ಈ ವರದಿಗಳನ್ನು ಕಲೆಹಾಕಿ 1950ರ ದಶಕದಲ್ಲಿ ಒಂದು ಪ್ರಬಂಧ ಬರೆದರು. ಇದು ಹಿಮದ ಹರಳುಗಳ ಆಟವಲ್ಲ, ಬಹಳ ಸಣ್ಣ ಕಣಗಳ ಮಸುಕು ಎಂದು ಬಣ್ಣಗಳಿಂದಲೇ ಅವರು ಊಹಿಸಿದರು. ಕಣಗಳು ಎಲ್ಲಿಂದ ಬಂದವೆಂಬುದು ಅವರಿಗೆ ಗೊತ್ತಾಗಲಿಲ್ಲ. ಅವರು ಬಳಸಿದ ‘ಆರ್ಕ್ಟಿಕ್ ಹೇಜ್’, ಅಂದರೆ ಆರ್ಕ್ಟಿಕ್ ಮಬ್ಬು ಎಂಬ ಹೆಸರು ಮಾತ್ರ ಉಳಿಯಿತು. ಮುಂದೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆ ಪ್ರಬಂಧದ ಗೊಡವೆಗೆ ಯಾರೂ ಹೋಗಲಿಲ್ಲ. ಭೂಮಿಯ ಮೇಲೆ ಅತಿ ಶುದ್ಧ ಗಾಳಿ ಇರುವ ಜಾಗ ಧ್ರುವಗಳೇ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಆ ನಂಬಿಕೆ ಹೇಗೆ ಮುರಿಯಿತು, ಮಬ್ಬಿನ ಮೂಲವನ್ನು ಹೇಗೆ ಪತ್ತೆ ಮಾಡಿದರು ಎನ್ನುವುದು ಇಪ್ಪತ್ತನೆಯ ಶತಮಾನದ ವಿಜ್ಞಾನದ ದೊಡ್ಡ ಶೋಧಗಳಲ್ಲಿ ಒಂದು. ನಾವು ಬಿಟ್ಟ ಹೊಗೆ ಯಾರ ಮನೆಗೆ ಹೋಗುತ್ತದೆಂದು ಕೇಳುವುದನ್ನು ಅದು ಜಗತ್ತಿಗೆ ಕಲಿಸಿತು.

ಬ್ಯಾರೋದ ಸೂರ್ಯ

ಅಲಾಸ್ಕದ ಉತ್ತರ ತುದಿಯಲ್ಲಿ ಬ್ಯಾರೋ ಎಂಬ ಊರಿದೆ. ಅಲ್ಲಿನ ಮೂಲನಿವಾಸಿಗಳು ಅದನ್ನು ಉಟ್ಕಿಯಾಗ್ವಿಕ್ ಎನ್ನುತ್ತಾರೆ, 2016ರಿಂದ ಅಧಿಕೃತ ಹೆಸರೂ ಅದೇ. 1972ರ ವಸಂತದಲ್ಲಿ ಅಲಾಸ್ಕ ವಿಶ್ವವಿದ್ಯಾಲಯದ ಗ್ಲೆನ್ ಶಾ ಅಲ್ಲಿಗೆ ಒಂದು ಚಿಕ್ಕ ಉಪಕರಣ ಹಿಡಿದು ಬಂದರು. ಸೂರ್ಯನ ಬೆಳಕು ವಾಯುಮಂಡಲವನ್ನು ದಾಟಿ ನೆಲ ಮುಟ್ಟುವ ಹೊತ್ತಿಗೆ ಎಷ್ಟು ಕುಂದುತ್ತದೆ ಎಂದು ಅಳೆಯುವ ಉಪಕರಣ ಅದು. ಮಲಿನ ನಗರಗಳ ಗಾಳಿಯನ್ನು ಹೋಲಿಸಿ ನೋಡಲು ಒಂದು ಶುದ್ಧ ಗಾಳಿಯ ಅಳತೆ ಬೇಕಲ್ಲ? ಬ್ಯಾರೋಗಿಂತ ಒಳ್ಳೆಯ ಜಾಗ ಇರಲಾರದು ಎಂದುಕೊಳ್ಳುವುದು ಸಹಜವೇ ಆಗಿತ್ತು.

ಅಳತೆ ಬೇರೆಯೇ ಹೇಳಿತು. ಶುದ್ಧ ಗಾಳಿಯಲ್ಲಿ ಇರಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಶಾ ಮತ್ತು ಅವರ ಸಹೋದ್ಯೋಗಿಗಳು ಸಣ್ಣ ವಿಮಾನದಲ್ಲಿ ಮೇಲೆ ಹೋಗಿ ನೋಡಿದಾಗ ಮಿಚೆಲ್ ಬರೆದಿಟ್ಟಿದ್ದ ಮಬ್ಬಿನ ಪಟ್ಟಿಗಳೇ ಕಣ್ಣಿಗೆ ಬಿದ್ದವು.

ಮಬ್ಬನ್ನು ನೋಡುವುದು ಒಂದು ಕೆಲಸ, ಅದನ್ನು ಹಿಡಿಯುವುದು ಇನ್ನೊಂದು. ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಕೆನೆತ್ ರಾನ್ ಗಾಳಿಯ ಕಣಗಳಲ್ಲಿರುವ ಮೂಲವಸ್ತುಗಳನ್ನು ಅಳೆಯುವುದರಲ್ಲಿ ಪಳಗಿದವರು. 1976ರ ವಸಂತದಲ್ಲಿ ಅವರೂ ಶಾ ಅವರೂ ಸೇರಿ ವಿಮಾನದಲ್ಲಿ ಮಬ್ಬಿನ ಪಟ್ಟಿಗಳೊಳಗೆ ನುಗ್ಗಿ ಸೋಸುಕಾಗದಗಳ ಮೇಲೆ ಕಣಗಳನ್ನು ಹಿಡಿದರು. ಪರೀಕ್ಷಿಸಿದರೆ ಅದರಲ್ಲಿದ್ದದ್ದು ಮಣ್ಣು! ಗಾಳಿಯ ಜಾಡನ್ನು ಹಿಂದಕ್ಕೆ ಹಿಡಿದು ಹೋದಾಗ ಅದು ಪೂರ್ವ ಏಷ್ಯಾದ ಮರುಭೂಮಿಗಳಿಗೆ ಮುಟ್ಟಿತು. ಅಲ್ಲಿ ಎದ್ದ ದೂಳಿನ ಬಿರುಗಾಳಿ ಪೆಸಿಫಿಕ್ ದಾಟಿ ಅಲಾಸ್ಕದ ನೆತ್ತಿಗೆ ಬಂದಿತ್ತು. 1977ರಲ್ಲಿ ಈ ಸಂಗತಿಯನ್ನು ಅವರು ಪ್ರಕಟಿಸಿದರು. ಒಗಟು ಬಿಡಿಸಿದಂತಾಯಿತು, ಮನುಷ್ಯನ ಮೇಲಿನ ಅನುಮಾನವೂ ಹೋಯಿತು ಎಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಬ್ಯಾರೋದಲ್ಲಿ ಚಳಿಗಾಲದುದ್ದಕ್ಕೂ ಹಿಡಿದ ಮಾದರಿಗಳು ಬೇರೆ ಮಾತಾಡಿದವು. ಅವುಗಳಲ್ಲಿ ಮಣ್ಣು ಸ್ವಲ್ಪವೇ. ಇದ್ದದ್ದು ಸಲ್ಫೇಟ್, ಮಸಿ ಮತ್ತು ಲೋಹಗಳು. ವೆನೇಡಿಯಂ ಎಂಬ ಲೋಹ ಮಣ್ಣಿನಲ್ಲಿ ಇರಬೇಕಾದ ಪ್ರಮಾಣವನ್ನು ಮೀರಿ ಕಾಣಿಸಿತು. ಬಾಯ್ಲರುಗಳಲ್ಲಿ ಉರಿಸುವ ಗಟ್ಟಿ ಫರ್ನೇಸ್ ಎಣ್ಣೆಯಲ್ಲಿ ವೆನೇಡಿಯಂ ಇರುತ್ತದೆ. ವಸಂತದಲ್ಲಿ ಒಮ್ಮೊಮ್ಮೆ ಬರುವ ಮರುಭೂಮಿಯ ದೂಳು ಒಂದು ಪ್ರಸಂಗ ಮಾತ್ರವಾಗಿತ್ತು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಇಡೀ ಆರ್ಕ್ಟಿಕ್ ಮೇಲೆ ಕವಿಯುತ್ತಿದ್ದದ್ದು ಕಾರ್ಖಾನೆಗಳ ಹೊಗೆ.

ಯಾರ ಹೊಗೆ?

ಅಲಾಸ್ಕದ ಮಬ್ಬಿಗೆ ಅಮೆರಿಕದ್ದೇ ಹೊಗೆ ಕಾರಣವೇ, ಯುರೋಪಿನದೇ, ಸೋವಿಯತ್ ಒಕ್ಕೂಟದ್ದೇ, ಜಪಾನಿನದೇ? ಗಾಳಿಗೆ ಪಾಸ್‌ಪೋರ್ಟ್ ಇಲ್ಲ. ಆದರೆ ಹೊಗೆಯಲ್ಲಿ ಅದು ಹುಟ್ಟಿದ ಊರಿನ ಗುರುತು ಇರುತ್ತದೆ. ರಾನ್ ಹಿಡಿದದ್ದು ಈ ಗುರುತನ್ನು.

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಆಗ ವೆನೇಡಿಯಂ ಹೆಚ್ಚಿರುವ ಎಣ್ಣೆ ಉರಿಸುತ್ತಿದ್ದರು. ಅಲ್ಲಿನ ಗಾಳಿಯಲ್ಲಿ ಮ್ಯಾಂಗನೀಸಿಗೆ ಹೋಲಿಸಿದರೆ ವೆನೇಡಿಯಂ ಜಾಸ್ತಿ. ಯುರೋಪ್ ಮತ್ತು ಸೋವಿಯತ್ ಒಕ್ಕೂಟಗಳಲ್ಲಿ ಕಲ್ಲಿದ್ದಲು, ಉಕ್ಕು, ಲೋಹದ ಕುಲುಮೆಗಳ ಪಾಲು ದೊಡ್ಡದು, ಹಾಗಾಗಿ ಅಲ್ಲಿ ಮ್ಯಾಂಗನೀಸಿನ ಪಾಲು ಹೆಚ್ಚು. ಈ ಎರಡು ಲೋಹಗಳ ಅನುಪಾತವನ್ನು ಬ್ಯಾರೋದ ಚಳಿಗಾಲದ ಗಾಳಿಯಲ್ಲಿ ಅಳೆದಾಗ ಅದು ಅಮೆರಿಕದ ಕರಾವಳಿಗೆ ಹೊಂದಲಿಲ್ಲ, ಯುರೋಪ್ ಮತ್ತು ಸೋವಿಯತ್ ಕಡೆಗೆ ಬೆರಳು ತೋರಿಸಿತು. 1981ರಲ್ಲಿ ಈ ಅನುಪಾತವನ್ನು ಪ್ರಕಟಿಸಿದ ರಾನ್, ಮುಂದೆ ಡಗ್ಲಾಸ್ ಲೋವೆಂತಾಲ್ ಜೊತೆ ಸೇರಿ ಏಳು ಮೂಲವಸ್ತುಗಳ ಗುರುತುಗಳನ್ನು ಬಳಸುವಷ್ಟು ಈ ವಿಧಾನವನ್ನು ಬೆಳೆಸಿದರು. ಅದೇ ಹೊತ್ತಿಗೆ ಹಾಲ್ ರೋಸೆನ್, ಟಿಹೊಮಿರ್ ನೊವಾಕೊವ್ ಮತ್ತು ಬ್ಯಾರಿ ಬೋಡೇನ್ ಬ್ಯಾರೋದ ಗಾಳಿಯಲ್ಲಿ ಮಸಿ ಇರುವುದನ್ನು ಅಳೆದು ತೋರಿಸಿದರು. ಉರಿಸದೆ ಮಸಿ ಹುಟ್ಟುವುದಿಲ್ಲ. ಮಬ್ಬಿಗೆ ಸಹಜ ಕಾರಣವಿರಬಹುದು ಎನ್ನುವ ಮಾತಿಗೆ ಅಲ್ಲಿಗೆ ಜಾಗವಿಲ್ಲವಾಯಿತು.

1983ರ ಮಾರ್ಚ್‌–ಏಪ್ರಿಲ್‌ನಲ್ಲಿ ರಸೆಲ್ ಶ್ನೆಲ್ ಅವರ ನೇತೃತ್ವದಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ಒಂದು ದೊಡ್ಡ ಅಭಿಯಾನ ನಡೆಸಿತು. ಚಂಡಮಾರುತಗಳ ಒಳಹೊಕ್ಕು ಅಧ್ಯಯನ ಮಾಡುವ ವಿಮಾನ ಈ ಬಾರಿ ಆರ್ಕ್ಟಿಕ್ ಮಬ್ಬಿನೊಳಗೆ ಹೊಕ್ಕಿತು. ಅಲಾಸ್ಕದಿಂದ ನಾರ್ವೆ ಕಡೆಯವರೆಗೆ ಹಾರಿದ ಈ ತಂಡ ನೆಲದ ಸಮೀಪದಿಂದ ಹಲವು ಕಿಲೋಮೀಟರ್ ಎತ್ತರದವರೆಗೆ ಪದರ ಪದರವಾಗಿ ಗಾಳಿಯನ್ನು ಅಳೆಯಿತು. ನಾರ್ವೆಯ ವಾಯು ಸಂಶೋಧಕರು, ಕೆನಡಾದ ಉತ್ತರ ತುದಿಯ ಅಲರ್ಟ್ ನೆಲೆಯಲ್ಲಿ ಲೆನರ್ಡ್ ಬ್ಯಾರಿ ಮತ್ತು ಅವರ ಸಂಗಡಿಗರು ತಮ್ಮ ತಮ್ಮ ಅಳತೆಗಳನ್ನು ಕೂಡಿಸಿದರು. ಒಂದೊಂದು ದೇಶವೂ ತನ್ನ ತುಂಡನ್ನು ತಂದು ಜೋಡಿಸಿದಾಗ ಚಿತ್ರ ಪೂರ್ಣವಾಯಿತು. ಚಳಿಗಾಲದ ಕೊನೆಗೆ ಇಡೀ ಆರ್ಕ್ಟಿಕ್ ಒಂದೇ ಮಬ್ಬಿನಡಿ ಇರುತ್ತದೆ, ಅದರ ಬಹುಪಾಲು ಯುರೋಪ್–ಏಷ್ಯಾ ಭೂಖಂಡದ ಉತ್ತರ ಭಾಗದಿಂದ ಬಂದದ್ದು.

ಗಾಳಿಯ ದಾರಿ

ಅಮೆರಿಕದ ಪೂರ್ವ ಕರಾವಳಿಯೂ ಪೂರ್ವ ಏಷ್ಯಾವೂ ಹೊಗೆ ಬಿಡುವುದರಲ್ಲಿ ಹಿಂದೆ ಬಿದ್ದವಲ್ಲ. ಹಾಗಿದ್ದೂ ಯುರೋಪ್ ಮತ್ತು ಸೈಬೀರಿಯದ ಹೊಗೆಗೆ ಮಾತ್ರ ಧ್ರುವದ ಬಾಗಿಲು ತೆರೆದದ್ದೇಕೆ? ಉತ್ತರ ಇರುವುದು ಚಳಿಗಾಲದ ಹವೆಯ ನಡೆಯಲ್ಲಿ.

ತಿಂಗಳುಗಟ್ಟಲೆ ಸೂರ್ಯನೇ ಇಲ್ಲದ ಧ್ರುವದ ಚಳಿಗಾಲದಲ್ಲಿ ಹಿಮದ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿ ಕೊರೆಯುವಷ್ಟು ತಣ್ಣಗಾಗಿ, ಭಾರವಾಗಿ, ಅಲ್ಲೇ ಕೂರುತ್ತದೆ. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗೆ. ನಮ್ಮಲ್ಲಿ ಮೇಲೆ ಹೋದಂತೆ ತಂಪು, ಅಲ್ಲಿ ಮೇಲೆ ಹೋದಂತೆ ಬಿಸಿ. ಹೀಗೆ ತಲೆಕೆಳಗಾದ ಗಾಳಿಯಲ್ಲಿ ಕೆಳಗಿನದು ಮೇಲೇಳುವುದಿಲ್ಲ, ಮೇಲಿನದು ಕೆಳಗಿಳಿಯುವುದಿಲ್ಲ. ಈ ಭಾರದ ತಣ್ಣನೆಯ ಗಾಳಿ ಧ್ರುವದ ಸುತ್ತ ಒಂದು ಗುಮ್ಮಟದ ಆಕಾರದಲ್ಲಿ ಶೇಖರವಾಗುತ್ತದೆ.

ದಕ್ಷಿಣದಿಂದ ಬೆಚ್ಚಗಿನ ಗಾಳಿ ಬಂದರೆ ಅದು ಹಗುರ, ಗುಮ್ಮಟದೊಳಗೆ ನುಗ್ಗಲಾರದು, ಅದರ ಇಳಿಜಾರಿನ ಮೇಲೇರಿ ದಾಟಬೇಕು. ಏರುವಾಗ ತಣಿದು ಮೋಡವಾಗುತ್ತದೆ, ಮಳೆಯಾಗಿ ಹಿಮವಾಗಿ ಸುರಿದು ತನ್ನಲ್ಲಿರುವ ಕೊಳೆಯನ್ನು ದಾರಿಯಲ್ಲೇ ತೊಳೆದುಕೊಳ್ಳುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಹೊಗೆ ಅಟ್ಲಾಂಟಿಕ್ಕಿನ ಬಿರುಗಾಳಿಗಳಿಗೆ ಸಿಕ್ಕಿ ಐಸ್‌ಲ್ಯಾಂಡಿನ ಸುತ್ತ ಮಳೆಯಾಗಿ ಸಮುದ್ರಕ್ಕೆ ಬೀಳುವುದು ಹೀಗೆ. ಪೂರ್ವ ಏಷ್ಯಾದ ಹೊಗೆಗೆ ಉತ್ತರ ಪೆಸಿಫಿಕ್ಕಿನ ಬಿರುಗಾಳಿಗಳು ಅದೇ ಗತಿ ಕಾಣಿಸುತ್ತವೆ. ತಪ್ಪಿಸಿಕೊಂಡು ಬಂದದ್ದು ಎತ್ತರದ ಪದರಗಳಲ್ಲಿ ತೇಲುತ್ತದೆ.

ಯುರೋಪ್–ಏಷ್ಯಾ ಭೂಖಂಡದ ಕಥೆ ಬೇರೆ. ಚಳಿಗಾಲದಲ್ಲಿ ಸೈಬೀರಿಯವೂ ಧ್ರುವದಷ್ಟೇ ಕೊರೆಯುತ್ತದೆ, ಕೆಲವೆಡೆ ಅದಕ್ಕಿಂತ ಹೆಚ್ಚು. ಆಗ ತಣ್ಣನೆಯ ಗಾಳಿಯ ಗುಮ್ಮಟದ ಅಂಚು ದಕ್ಷಿಣಕ್ಕೆ ಜಾರಿ ಸುಮಾರು 40–50 ಡಿಗ್ರಿ ಅಕ್ಷಾಂಶದವರೆಗೆ ಬರುತ್ತದೆ. ಉರಾಲ್ ಪರ್ವತದ ಉಕ್ಕಿನ ಊರುಗಳು, ಕೋಲ ಪರ್ಯಾಯ ದ್ವೀಪದ ನಿಕ್ಕಲ್ ಕುಲುಮೆಗಳು, ಒಮ್ಮೊಮ್ಮೆ ಮಧ್ಯ ಯುರೋಪಿನ ಕಲ್ಲಿದ್ದಲಿನ ಪ್ರದೇಶಗಳೂ ಗುಮ್ಮಟದ ಒಳಗೇ ಸೇರಿಬಿಡುತ್ತವೆ. ಅಲ್ಲಿನ ಹೊಗೆ ಧ್ರುವಕ್ಕೆ ಹೋಗಲು ಯಾವ ಗಡಿಯನ್ನೂ ದಾಟಬೇಕಿಲ್ಲ, ಯಾವ ಏರನ್ನೂ ಏರಬೇಕಿಲ್ಲ. ಸೈಬೀರಿಯದ ಮೇಲೆ ಕೂತ ಅಧಿಕ ಒತ್ತಡದ ವಲಯದ ಅಂಚಿನಲ್ಲಿ ಗಾಳಿ ಉತ್ತರಕ್ಕೆ ಬೀಸಿದಾಗ ವಾರ ಹತ್ತು ದಿನಗಳಲ್ಲಿ ಹೊಗೆ ನೆಲ ಸವರಿಕೊಂಡೇ ಆರ್ಕ್ಟಿಕ್ ಸಾಗರವನ್ನು ದಾಟುತ್ತದೆ.

ಬಂದದ್ದು ಹೋಗುವುದೂ ಇಲ್ಲ. ಚಳಿಗಾಲದ ಧ್ರುವದಲ್ಲಿ ಹಿಮ ಸುರಿಯುವುದು ತೀರ ಕಡಿಮೆ, ಅದು ಹೆಚ್ಚುಕಡಿಮೆ ಮರುಭೂಮಿಯಷ್ಟೇ ಒಣ ಪ್ರದೇಶ. ಗವಾಕ್ಷಿ ಮುಚ್ಚಿದ ಅಡುಗೆಮನೆಯಲ್ಲಿ ಹಸಿ ಸೌದೆಯ ಹೊಗೆ ತಲೆಯ ಮಟ್ಟಕ್ಕೆ ನಿಂತುಬಿಡುವಂತೆ ಮಸಿಯೂ ಗಂಧಕದ ಅನಿಲವೂ ವಾರಗಟ್ಟಲೆ ತೇಲುತ್ತಲೇ ಇರುತ್ತವೆ. ಫೆಬ್ರುವರಿ–ಮಾರ್ಚ್ ಹೊತ್ತಿಗೆ ಸೂರ್ಯ ಮರಳಿದಾಗ ಬೆಳಕಿನ ಪ್ರಭಾವದಿಂದ ಉಳಿದ ಗಂಧಕದ ಡೈಆಕ್ಸೈಡ್ ಕೂಡ ಸಲ್ಫೇಟಿನ ಕಣಗಳಾಗುತ್ತದೆ. ಮಬ್ಬು ಅತಿ ದಟ್ಟವಾಗುವುದು ಆಗಲೇ. ಮೇ ಕಳೆದು ಹಿಮ ಕರಗಿ, ಗುಮ್ಮಟದ ಅಂಚು ಉತ್ತರಕ್ಕೆ ಸರಿದು, ತುಂತುರು ಮಳೆಯೂ ಮೋಡಗಳೂ ಬಂದರೆ ಕೆಲವೇ ವಾರಗಳಲ್ಲಿ ಗಾಳಿ ತೊಳೆದಂತಾಗುತ್ತದೆ. ಬೇಸಗೆಯಲ್ಲಿ ಆರ್ಕ್ಟಿಕ್ ಗಾಳಿ ನಿಜಕ್ಕೂ ಶುಭ್ರ. ಹಿಂದಿನ ಅನೇಕ ಅನ್ವೇಷಕರು ಬೇಸಗೆಯಲ್ಲಿ ಹೋಗಿ ಆ ಶುಭ್ರತೆಯನ್ನು ಕೊಂಡಾಡಿದ್ದರಲ್ಲಿ ಸುಳ್ಳೇನಿರಲಿಲ್ಲ.

ಕುಲುಮೆಗಳೂ ಒಪ್ಪಂದಗಳೂ

ಗುಮ್ಮಟದೊಳಗಿನ ಅತಿ ದೊಡ್ಡ ಹೊಗೆಗೂಡು ನೋರಿಲ್ಸ್ಕ್. ಉತ್ತರ ಸೈಬೀರಿಯದಲ್ಲಿ, 69 ಡಿಗ್ರಿ ಅಕ್ಷಾಂಶದ ಮೇಲೆ, ನಿಕ್ಕಲ್ ಮತ್ತು ತಾಮ್ರದ ಅದಿರಿನ ದೊಡ್ಡ ನಿಕ್ಷೇಪವಿದೆ. ಸ್ಟಾಲಿನ್ ಕಾಲದಲ್ಲಿ, 1935ರಿಂದ, ಕಾರ್ಮಿಕ ಶಿಬಿರಗಳ ಕೈದಿಗಳ ದುಡಿಮೆಯಿಂದ ಅಲ್ಲಿ ಗಣಿಯನ್ನೂ ಕುಲುಮೆಗಳನ್ನೂ ನಗರವನ್ನೂ ಕಟ್ಟಿದರು. ಆ ಚಳಿಯಲ್ಲಿ ಸತ್ತವರ ಎಲುಬಿನ ಮೇಲೆ ನಿಂತ ಊರು ಅದು. ಅದಿರಿನಲ್ಲಿ ಲೋಹದ ಜೊತೆ ಗಂಧಕವಿದೆ, ಕಾಯಿಸಿದಾಗ ಗಂಧಕ ಹೊಗೆಯಾಗಿ ಹೋಗುತ್ತದೆ. ವರ್ಷಕ್ಕೆ ಸುಮಾರು 20 ಲಕ್ಷ ಟನ್ ಗಂಧಕದ ಡೈಆಕ್ಸೈಡ್ ಆ ಒಂದೇ ನಗರದ ಚಿಮಣಿಗಳಿಂದ ದಶಕಗಳ ಕಾಲ ಹೊರಬಿತ್ತು. ಸುತ್ತಲಿನ ಲಾರ್ಚ್ ಕಾಡು ಹತ್ತಾರು ಕಿಲೋಮೀಟರ್ ದೂರದವರೆಗೆ ಒಣಗಿ ನಿಂತಿತು.

ಧ್ರುವದ ಹೊಗೆ ಸೋವಿಯತ್ ಕಡೆಯದೆಂದು ಶೀತಲ ಸಮರದ ಕಾಲದಲ್ಲಿ ಹೇಳುವುದೂ ಕಷ್ಟ, ಕೇಳುವುದೂ ಕಷ್ಟ. ಆದರೂ ಒಂದು ದಾರಿ ಆಗಲೇ ತೆರೆದಿತ್ತು. 1960ರ ದಶಕದ ಕೊನೆಗೆ ಸ್ವೀಡನ್ನಿನ ಸ್ವಾಂತೆ ಒಡೇನ್, ತಮ್ಮ ನಾಡಿನ ಕೆರೆಗಳನ್ನು ಹುಳಿಯಾಗಿಸಿ ಮೀನು ಕೊಲ್ಲುತ್ತಿರುವ ಆಮ್ಲ ಮಳೆ ಬೇರೆ ದೇಶಗಳ ಚಿಮಣಿಗಳಿಂದ ಬಂದದ್ದು ಎಂದು ತೋರಿಸಿದ್ದರು. ಆ ವಾದ ಬೆಳೆದು 1979ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಒಪ್ಪಂದವಾಯಿತು. ಅಮೆರಿಕ, ಕೆನಡಾ, ಪೂರ್ವ ಮತ್ತು ಪಶ್ಚಿಮ ಯುರೋಪ್, ಸೋವಿಯತ್ ಒಕ್ಕೂಟ ಎಲ್ಲವೂ ಒಂದೇ ಕಾಗದಕ್ಕೆ ಸಹಿ ಹಾಕಿದವು. ಕ್ಷಿಪಣಿಗಳನ್ನು ಒಬ್ಬರ ಮೇಲೊಬ್ಬರು ಗುರಿಯಿಟ್ಟಿದ್ದ ದೇಶಗಳು ಹೊಗೆಯ ವಿಷಯದಲ್ಲಿ ಕೂತು ಮಾತಾಡಿದ್ದು ಸಣ್ಣ ಸಂಗತಿಯಲ್ಲ. 1985ರಲ್ಲಿ ಹೆಲ್ಸಿಂಕಿಯಲ್ಲಿ ಗಂಧಕದ ಹೊಗೆಯನ್ನು ಶೇ 30ರಷ್ಟು ತಗ್ಗಿಸುವ ಒಡಂಬಡಿಕೆಯೂ ಆಯಿತು.

1987ರ ಅಕ್ಟೋಬರಿನಲ್ಲಿ ಮಿಖಾಯಿಲ್ ಗೊರ್ಬಚೆವ್ ಮುರ್ಮನ್ಸ್ಕ್ ನಗರದಲ್ಲಿ ಆರ್ಕ್ಟಿಕ್ ಶಾಂತಿಯ ವಲಯವಾಗಬೇಕೆಂದು ಕರೆಕೊಟ್ಟರು. ಪರಿಸರ ರಕ್ಷಣೆಯಲ್ಲಿ ಸಹಕಾರವೂ ಆ ಕರೆಯ ಭಾಗವಾಗಿತ್ತು. 1991ರಲ್ಲಿ ಫಿನ್ಲೆಂಡಿನ ರೊವಾನಿಯೆಮಿಯಲ್ಲಿ ಎಂಟು ಆರ್ಕ್ಟಿಕ್ ದೇಶಗಳು ಸೇರಿ, ಧ್ರುವಕ್ಕೆ ಬಂದು ಬೀಳುವ ಮಾಲಿನ್ಯವನ್ನು ಸತತವಾಗಿ ಅಳೆಯುವ ವ್ಯವಸ್ಥೆಯನ್ನು ಕಟ್ಟಿದವು. 1996ರಲ್ಲಿ ಹುಟ್ಟಿದ ಆರ್ಕ್ಟಿಕ್ ಕೌನ್ಸಿಲ್‌ಗೆ ಅದೇ ಬುನಾದಿ.

ಹಿಮದ ದಫ್ತರ

ಮಬ್ಬು ಮಿಚೆಲ್ ಕಾಲದಲ್ಲಿ ಹುಟ್ಟಿದ್ದೇ, ಅದಕ್ಕೂ ಮೊದಲೇ ಇತ್ತೇ? ಇದಕ್ಕೆ ಸಾಕ್ಷಿ ಇರುವುದು ಹಿಮದಲ್ಲಿ. ಗ್ರೀನ್‌ಲೆಂಡಿನಲ್ಲಿ ವರ್ಷ ವರ್ಷ ಬಿದ್ದ ಹಿಮ ಕರಗದೆ ಒಂದರ ಮೇಲೊಂದು ಕೂತಿದೆ. ಕೊರೆದು ತೆಗೆದ ಹಿಮದ ಕಂಬದಲ್ಲಿ ಆಯಾ ವರ್ಷದ ಗಾಳಿಯ ಕೊಳೆ ಹಾಗೇ ಉಳಿದಿರುತ್ತದೆ.

ಇದನ್ನು ಮೊದಲು ಎಚ್ಚರದಿಂದ ಓದಿದವರಲ್ಲಿ ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ ಕ್ಲೇರ್ ಪ್ಯಾಟರ್ಸನ್ ಪ್ರಮುಖರು. 1960ರ ದಶಕದಲ್ಲಿ ಗ್ರೀನ್‌ಲೆಂಡಿನಲ್ಲಿ ಹಿಮ ಅಗೆದು, ಬಟ್ಟೆಯ ದೂಳೂ ತಾಗದಂತೆ ಮಾದರಿ ತೆಗೆದು, ಅವರೂ ಸಂಗಡಿಗರೂ ಸೀಸವನ್ನು ಅಳೆದರು. 1969ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕೈಗಾರಿಕಾ ಕ್ರಾಂತಿಯಿಂದ ಹಿಮದಲ್ಲಿ ಸೀಸ ಏರುತ್ತ ಬಂದು, 1940ರ ನಂತರ ಕಡಿದಾಗಿ ಮೇಲೇರಿತ್ತು. ಕಾರಣ, ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ. ನಗರದ ಕಾರುಗಳ ಹೊಗೆ ಯಾರೂ ಕಾಲಿಡದ ಹಿಮದಲ್ಲಿ ದಾಖಲಾಗಿತ್ತು. ಸೀಸದ ಪೆಟ್ರೋಲ್ ವಿರುದ್ಧದ ಹೋರಾಟಕ್ಕೆ ಇದು ದೊಡ್ಡ ಬಲ ಕೊಟ್ಟಿತು. 1994ರಲ್ಲಿ ಇನ್ನೊಂದು ತಂಡ ಇನ್ನೂ ಹಳೆಯ ಪದರಗಳನ್ನು ಪರೀಕ್ಷಿಸಿತು. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕರೂ ರೋಮನ್ನರೂ ಬೆಳ್ಳಿಗಾಗಿ ಅದಿರು ಕಾಯಿಸಿದಾಗ ಹಾರಿದ ಸೀಸ ಅಲ್ಲಿ ಸಿಕ್ಕಿತು.

ಮಸಿಯ ಲೆಕ್ಕ 2007ರಲ್ಲಿ ಬಂತು. ಜೋಸೆಫ್ ಮೆಕಾನೆಲ್ ಮತ್ತು ಸಂಗಡಿಗರು ಗ್ರೀನ್‌ಲೆಂಡಿನ ಹಿಮಕಂಬವನ್ನು ಕರಗಿಸುತ್ತ ಅಳೆದಾಗ 1850ರ ನಂತರ ಮಸಿ ಏರತೊಡಗಿ, 1906–1910ರ ನಡುವೆ ಕೈಗಾರಿಕೆಗೆ ಮುಂಚಿನ ಮಟ್ಟದ ಸುಮಾರು ಏಳು ಪಟ್ಟಾಗಿದ್ದು ಕಂಡಿತು. ಅದು ಬಹುಪಾಲು ಉತ್ತರ ಅಮೆರಿಕದ ಕಲ್ಲಿದ್ದಲಿನ ಮಸಿ. ದಕ್ಷಿಣಕ್ಕೆ ಚಾಚಿದ, ಎತ್ತರದ ಗ್ರೀನ್‌ಲೆಂಡ್ ಅಮೆರಿಕದಿಂದ ಬರುವ ಗಾಳಿಯ ದಾರಿಯಲ್ಲಿದೆ. ಹಾಗಾಗಿ ಆರ್ಕ್ಟಿಕ್ ಸಾಗರಕ್ಕೆ ಸಿಗದ ಹೊಗೆ ಅದಕ್ಕೆ ಸಿಕ್ಕಿತ್ತು. ರಾಬರ್ಟ್ ಪಿಯರಿ ಉತ್ತರ ಧ್ರುವ ಮುಟ್ಟಿದೆನೆಂದು ಸಾರಿದ್ದು 1909ರಲ್ಲಿ, ಮಸಿ ಆಗಲೇ ಆರ್ಕ್ಟಿಕ್ಕಿನಲ್ಲಿತ್ತು.

ದಕ್ಷಿಣ ಧ್ರುವದ್ದೂ ಅದೇ ಮಾತು. ಅಂಟಾರ್ಕ್ಟಿಕದ 16 ಹಿಮಕಂಬಗಳನ್ನು ಪರೀಕ್ಷಿಸಿ 2014ರಲ್ಲಿ ಮೆಕಾನೆಲ್ ತಂಡ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಕೈಗಾರಿಕೆಯ ಸೀಸ ಬೀಳತೊಡಗಿದ್ದು 1889ರಿಂದ. ಸೀಸದ ಐಸೊಟೋಪುಗಳ ಗುರುತು ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಯ ಅದಿರಿಗೆ ಹೊಂದಿತು. ಅದೇ ಕಾಲದಲ್ಲಿ ದಕ್ಷಿಣ ಆಸ್ಟ್ರೇಲಿಯದ ಪೋರ್ಟ್ ಪಿರಿಯಲ್ಲಿ ಆ ಅದಿರನ್ನು ಕರಗಿಸುವ ಕುಲುಮೆಗಳು ಶುರುವಾಗಿದ್ದವು. ಅಂಟಾರ್ಕ್ಟಿಕದ ಸುತ್ತ ನಿರಂತರ ತಿರುಗುವ ಪಶ್ಚಿಮ ಮಾರುತಗಳು ಆ ಹೊಗೆಯನ್ನು ಎತ್ತಿಕೊಂಡವು. ರೋಆಲ್ಡ್ ಅಮುಂಡ್‌ಸೆನ್ ದಕ್ಷಿಣ ಧ್ರುವದಲ್ಲಿ ಬಾವುಟ ನೆಟ್ಟದ್ದು 1911ರ ಡಿಸೆಂಬರ್ 14ರಂದು. ಎರಡೂ ಧ್ರುವಗಳಲ್ಲಿ ಮನುಷ್ಯನ ಕಾಲಿಗಿಂತ ಮೊದಲು ಅವನ ಹೊಗೆ ಮುಟ್ಟಿತ್ತು.

ತಾಯಿಯ ಹಾಲಿನವರೆಗೆ

ಕಣಗಳು ಗಾಳಿಯಲ್ಲಿ ಬರುತ್ತವೆ, ಬೀಳುತ್ತವೆ, ಮುಗಿಯಿತು. ಕೆಲವು ರಾಸಾಯನಿಕಗಳು ಹಾಗಲ್ಲ. ಪಿಸಿಬಿ, ಡಿಡಿಟಿ, ಬಿಎಚ್‌ಸಿಗಳಂಥವು ಬಿಸಿ ನಾಡಿನಲ್ಲಿ ಆವಿಯಾಗಿ ಗಾಳಿಗೇರುತ್ತವೆ, ತಂಪು ತಾಗಿದಲ್ಲಿ ಇಳಿಯುತ್ತವೆ, ಬೇಸಗೆ ಬಂದರೆ ಮತ್ತೆ ಏರುತ್ತವೆ. ಹೀಗೆ ಋತುವಿನಿಂದ ಋತುವಿಗೆ ಹಾರಿ ಇಳಿದು ಹಾರಿ, ಮತ್ತೆ ಏಳಲಾರದಷ್ಟು ಚಳಿಯಿರುವ ಧ್ರುವಕ್ಕೆ ಬಂದು ನಿಲ್ಲುತ್ತವೆ. ಫ್ರಾಂಕ್ ವಾನಿಯಾ ಮತ್ತು ಡೊನಾಲ್ಡ್ ಮೆಕೇ 1993ರಲ್ಲಿ ಈ ನಡೆಯನ್ನು ಸ್ಪಷ್ಟವಾಗಿ ವಿವರಿಸಿದರು.

ಅದರ ಪರಿಣಾಮ ಅಷ್ಟರಲ್ಲಾಗಲೇ ಮನುಷ್ಯರಲ್ಲಿ ಕಂಡಿತ್ತು. 1980ರ ದಶಕದ ಕೊನೆಗೆ ಕೆನಡಾದ ವೈದ್ಯ ಎರಿಕ್ ದೆವೇಯಿ ಕ್ಯೂಬೆಕ್ ಪ್ರಾಂತ್ಯದ ತಾಯಂದಿರ ಎದೆಹಾಲನ್ನು ಪರೀಕ್ಷಿಸುತ್ತಿದ್ದರು. ಕಾರ್ಖಾನೆಗಳಿಲ್ಲದ ಉತ್ತರದ ಮೂಲನಿವಾಸಿಗಳಾದ ಇನ್ಯೂಟ್ ತಾಯಂದಿರ ಹಾಲನ್ನು ಶುದ್ಧ ಮಾದರಿಯೆಂದು ಇಟ್ಟುಕೊಂಡು ಹೋಲಿಸಲು ಹೋದರೆ, ಅದರಲ್ಲೇ ಪಿಸಿಬಿ ದಕ್ಷಿಣದವರಿಗಿಂತ ಸುಮಾರು ಐದು ಪಟ್ಟಿತ್ತು. ಪಾಚಿಯಿಂದ ಮೀನಿಗೆ, ಮೀನಿನಿಂದ ಸೀಲಿಗೆ, ತಿಮಿಂಗಿಲಕ್ಕೆ, ಕೊಬ್ಬಿನಿಂದ ಕೊಬ್ಬಿಗೆ ವಿಷ ದಟ್ಟವಾಗುತ್ತ ಬಂದು ತಾಯಿಯ ಎದೆ ಮುಟ್ಟಿತ್ತು. ಸೀಲ್ ಮಾಂಸ ಬಿಟ್ಟರೆ ಅಲ್ಲಿನವರಿಗೆ ಬೇರೆ ಒಳ್ಳೆಯ ಆಹಾರವೂ ಇಲ್ಲ, ಬೇಟೆ ಬಿಟ್ಟರೆ ಬದುಕಿನ ಕ್ರಮವೂ ಇಲ್ಲ. ಒಂದು ಪೈಸೆಯ ಲಾಭವನ್ನೂ ಕಾಣದವರು ಆ ಲಾಭದ ವಿಷವನ್ನು ಉಂಡರು.

ಇನ್ಯೂಟ್ ಮುಖಂಡೆ ಶೀಲಾ ವಾಟ್-ಕ್ಲೂಟಿಯೆ ತಮ್ಮ ಜನರ ಈ ಮಾತನ್ನು ಅಂತರರಾಷ್ಟ್ರೀಯ ಸಭೆಗಳಿಗೆ ಒಯ್ದರು. ಮಾತುಕತೆ ನಡೆಯುತ್ತಿದ್ದಾಗ ತಾಯಿ ಮತ್ತು ಮಗುವಿನ ಒಂದು ಇನ್ಯೂಟ್ ಶಿಲ್ಪವನ್ನು ಅವರು ಕಾಣಿಕೆಯಾಗಿ ಕೊಟ್ಟರು, ಕಾಗದದ ವಾಕ್ಯಗಳ ಹಿಂದೆ ಯಾರಿದ್ದಾರೆ ಎಂದು ಅದು ನೆನಪಿಸುತ್ತಿತ್ತು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. ಆರ್ಕ್ಟಿಕ್ ಮತ್ತು ಅಲ್ಲಿನ ಮೂಲನಿವಾಸಿಗಳು ವಿಶೇಷ ಅಪಾಯದಲ್ಲಿದ್ದಾರೆ ಎಂಬ ಮಾತು ಅದರ ಪೀಠಿಕೆಯಲ್ಲೇ ಇದೆ.

ಇಲ್ಲಿಂದ ಈ ಕಥೆ ನಮ್ಮ ಹೊಲಕ್ಕೂ ಬರುತ್ತದೆ. ಹಿಂದೆ ನಮ್ಮ ರೈತರು ಕೈಯಲ್ಲೇ ಎರಚುತ್ತಿದ್ದ ಬಿಎಚ್‌ಸಿ ಪುಡಿಯನ್ನು ಚೀನಾ, ಭಾರತ, ಸೋವಿಯತ್ ಒಕ್ಕೂಟಗಳು ಜಗತ್ತಿನಲ್ಲೇ ಅತಿ ಹೆಚ್ಚು ಬಳಸುತ್ತಿದ್ದವು. 1983ರಲ್ಲಿ ಚೀನಾ ಅದನ್ನು ನಿಲ್ಲಿಸಿದಾಗ ಆರ್ಕ್ಟಿಕ್ ಗಾಳಿಯಲ್ಲಿ ಆ ವಿಷದ ಮಟ್ಟ ಇಳಿಯಿತು. 1990ರ ಸುಮಾರಿಗೆ ಭಾರತವೂ ಸೋವಿಯತ್ ಒಕ್ಕೂಟವೂ ಬಳಕೆಗೆ ಕಡಿವಾಣ ಹಾಕಿದಾಗ ಮತ್ತೆ ಇಳಿಯಿತು. 1997ರಲ್ಲಿ ಭಾರತ ಅದನ್ನು ಪೂರ್ತಿ ನಿಷೇಧಿಸಿತು. ಗದ್ದೆಗೂ ಧ್ರುವಕ್ಕೂ ನಡುವೆ ಇಷ್ಟು ನೇರವಾದ ಸಂಬಂಧವಿತ್ತು.

ಎಂಡೋಸಲ್ಫಾನ್ ಕೂಡ ಹೀಗೆಯೇ ದೂರ ಹೋಗುವ ವಿಷ. ಕಾಸರಗೋಡಿನ ಗೇರುತೋಟಗಳ ಮೇಲೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತ ಹೆಲಿಕಾಪ್ಟರಿನಿಂದ ಸುರಿದ ಅದು ಅಲ್ಲಿನ ಮಕ್ಕಳ ದೇಹದ ಮೇಲೆ ಮಾಡಿದ್ದೇನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕಾಸರಗೋಡಿನ ಪತ್ರಕರ್ತ ಶ್ರೀಪಡ್ರೆ ಮೊದಲಾದವರು ವರ್ಷಗಟ್ಟಲೆ ಅದನ್ನು ಬರೆದರು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಅದಕ್ಕೆ ಒಂದು ಮುಖ್ಯ ಆಧಾರ, ಎಂದೂ ಅದನ್ನು ಸಿಂಪಡಿಸದ ಆರ್ಕ್ಟಿಕ್ಕಿನಲ್ಲಿ ಅದು ಸಿಕ್ಕಿದ್ದು. ಮರುತಿಂಗಳು ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆಯಿತು. ಗೇರುಗುಡ್ಡದ ತಾಯಂದಿರದೂ ಹಿಮನಾಡಿನ ತಾಯಂದಿರದೂ ಒಂದೇ ಮೊಕದ್ದಮೆಯಾಗಿತ್ತು.

ಇಳಿದ ಮಬ್ಬು, ಏರಿದ ಬಿಸಿ

ಚಿಮಣಿಗಳಿಗೆ ಕಡಿವಾಣ ಬಿದ್ದಾಗ ಧ್ರುವದಲ್ಲಿ ಏನಾಯಿತು? 1970ರ ದಶಕದಿಂದ ಪಶ್ಚಿಮದ ದೇಶಗಳು ಪೆಟ್ರೋಲಿನಿಂದ ಸೀಸ ತೆಗೆಯತೊಡಗಿದವು. ಗ್ರೀನ್‌ಲೆಂಡಿನ ಹೊಸ ಹಿಮವನ್ನು ಅಳೆದು ಕ್ಲೋಡ್ ಬೂತ್ರೋನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಸೀಸ ಸುಮಾರು ಏಳೂವರೆ ಪಟ್ಟು ಇಳಿದಿತ್ತು. ಗಂಧಕದ ಒಪ್ಪಂದಗಳೂ ಸೋವಿಯತ್ ಪತನದ ನಂತರ ಅಲ್ಲಿನ ಕೈಗಾರಿಕೆಗಳ ಕುಸಿತವೂ ಸೇರಿ ಆರ್ಕ್ಟಿಕ್ಕಿನ ಚಳಿಗಾಲದ ಸಲ್ಫೇಟ್ 1990ರ ದಶಕದ ಆರಂಭಕ್ಕೆ ಹೋಲಿಸಿದರೆ ಸ್ಥಳದಿಂದ ಸ್ಥಳಕ್ಕೆ ಶೇ 30ರಿಂದ 70ರಷ್ಟು ತಗ್ಗಿತು. ನೋರಿಲ್ಸ್ಕ್ ನಗರದೊಳಗಿನ ನಿಕ್ಕಲ್ ಕಾರ್ಖಾನೆ 2016ರಲ್ಲಿ, ನಾರ್ವೆ ಗಡಿಯ ನಿಕೆಲ್ ಪಟ್ಟಣದ ಕುಲುಮೆ 2020ರಲ್ಲಿ ಮುಚ್ಚಿದವು.

ಆದರೆ ಕಥೆಗೆ ಇನ್ನೊಂದು ಮಗ್ಗುಲಿದೆ. ಸಲ್ಫೇಟ್ ಕಣಗಳು ಬಿಸಿಲನ್ನು ಹಿಂದಕ್ಕೆ ಚೆದುರಿಸುತ್ತವೆ. ಅವು ಕಡಿಮೆಯಾದಾಗ, ಅವು ಮರೆಮಾಡಿದ್ದ ಇಂಗಾಲದ ಡೈಆಕ್ಸೈಡಿನ ಬಿಸಿ ಇನ್ನಷ್ಟು ಬಯಲಾಯಿತು. ಮಸಿಯದು ಅದಕ್ಕೆ ವಿರುದ್ಧ ಗುಣ. ಬಿಳಿ ಹಿಮದ ಮೇಲೆ ಬಿದ್ದ ಕರಿ ಕಣ ಬಿಸಿಲನ್ನು ಹೀರಿ ಹಿಮ ಕರಗಿಸುತ್ತದೆ. 1979ರಿಂದೀಚೆಗೆ ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಇದರಲ್ಲಿ ಮುಖ್ಯ ಪಾಲು ಇಂಗಾಲದ ಡೈಆಕ್ಸೈಡಿನದು, ಆದರೆ ಹಿಮದ ಮೇಲಿನ ಮಸಿ ಆ ಹೊರೆಯನ್ನು ಹೆಚ್ಚಿಸುತ್ತದೆ. ಹೊಗೆಯ ಮೂಲಗಳೂ ಬದಲಾಗುತ್ತಿವೆ. 2006ರ ವಸಂತದಲ್ಲಿ ಪೂರ್ವ ಯುರೋಪಿನ ರೈತರು ಹೊಲದ ಒಣಹುಲ್ಲಿಗೆ ಇಟ್ಟ ಬೆಂಕಿಯ ಹೊಗೆ ಆರ್ಕ್ಟಿಕ್ಕಿನ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ನುಗ್ಗಿತು. ನೀ-ಓಲೆಸುಂಡ್ ಬಳಿಯ ಬೆಟ್ಟದ ಮೇಲಿನ ಜೆಪ್ಪೆಲಿನ್ ವೀಕ್ಷಣಾಲಯ ಅದುವರೆಗೆ ಕಾಣದ ಮಟ್ಟದ ಮಾಲಿನ್ಯವನ್ನು ದಾಖಲಿಸಿತು. ಅದೇ ನೀ-ಓಲೆಸುಂಡ್‌ನಲ್ಲಿ 2008ರ ಜುಲೈಯಿಂದ ಭಾರತದ ‘ಹಿಮಾದ್ರಿ’ ನೆಲೆಯೂ ಇದೆ. ನಮ್ಮ ವಿಜ್ಞಾನಿಗಳೂ ಅಲ್ಲಿ ಗಾಳಿಯ ಕಣಗಳನ್ನು ಅಳೆಯುತ್ತಾರೆ. ಹಡಗುಗಳು ಆರ್ಕ್ಟಿಕ್ಕಿನಲ್ಲಿ ಗಟ್ಟಿ ಎಣ್ಣೆ ಉರಿಸುವುದರ ಮೇಲೆ 2024ರ ಜುಲೈಯಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಜಾರಿಗೆ ಬಂತು, ಆದರೆ ಹಲವು ಹಡಗುಗಳಿಗೆ 2029ರವರೆಗೆ ವಿನಾಯಿತಿಯೂ ಸಿಕ್ಕಿದೆ.

ಭಾರತದ ಮೈದಾನಗಳ ಹೊಗೆ ಚಳಿಗಾಲದ ಗುಮ್ಮಟದೊಳಗೆ ಸುಲಭವಾಗಿ ಹೋಗಲಾರದು. ಆದರೆ ಅದಕ್ಕೆ ಹಿಮ ಹತ್ತಿರದಲ್ಲೇ ಇದೆ, ನಮ್ಮ ಮಸಿ ಹಿಮಾಲಯದ ನೀರ್ಗಲ್ಲುಗಳ ಮೇಲೆ ಬೀಳುತ್ತಿದೆ. ಧ್ರುವದಲ್ಲಿ ಕಲಿತ ಪಾಠ ನಮಗೆ ಅನ್ವಯಿಸುವುದು ಅಲ್ಲಿ.

ಆ ಪಾಠದಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ದೂರ ಎನ್ನುವುದನ್ನು ಭೂಪಟದಲ್ಲಿ ಅಳೆಯಬಾರದು, ಗಾಳಿಯಲ್ಲಿ ಅಳೆಯಬೇಕು. ಚಳಿಗಾಲದ ಉರಾಲ್ ಪರ್ವತದ ಊರಿಗೆ ಧ್ರುವವೇ ನೆರೆಮನೆ. ಎರಡನೆಯದು ಭರವಸೆಯ ಮಾತು. ಮಸಿ, ಸಲ್ಫೇಟ್, ಸೀಸದ ಕಣಗಳು ಗಾಳಿಯಲ್ಲಿ ಉಳಿಯುವುದು ದಿನಗಟ್ಟಲೆ, ಹೆಚ್ಚೆಂದರೆ ವಾರಗಟ್ಟಲೆ. ಇಂಗಾಲದ ಡೈಆಕ್ಸೈಡಿನ ಹಾಗೆ ಶತಮಾನಗಳ ಸಾಲವನ್ನು ಅವು ಬಿಟ್ಟುಹೋಗುವುದಿಲ್ಲ. ಚಿಮಣಿಗೆ ಶುದ್ಧೀಕರಣ ಯಂತ್ರ ಹಾಕಿದರೆ ಕೆಲವೇ ಚಳಿಗಾಲಗಳಲ್ಲಿ ಧ್ರುವದ ಗಾಳಿ ಉತ್ತರ ಕೊಡುತ್ತದೆ. ಸೀಸದಲ್ಲಿ ಕೊಟ್ಟಿದೆ, ಗಂಧಕದಲ್ಲಿ ಕೊಟ್ಟಿದೆ, ಬಿಎಚ್‌ಸಿಯಲ್ಲಿ ಕೊಟ್ಟಿದೆ. ಪ್ರತಿ ಸಲವೂ ಮೊದಲು ಯಾರೋ ಅಳೆದರು, ಯಾರೋ ಅದನ್ನು ಧೈರ್ಯವಾಗಿ ಹೇಳಿದರು, ಆಮೇಲೆ ಸರಕಾರಗಳು ಮಣಿದವು. ಉಳಿದ ಮಸಿಗೂ ಇದೇ ದಾರಿ ಇದೆ, ಮತ್ತು ಅದಕ್ಕೆ ಬೇಕಾದ ತಿಳಿವಳಿಕೆ ನಮ್ಮ ಕೈಯಲ್ಲಿ ನಲವತ್ತು ವರ್ಷಗಳಿಂದ ಇದೆ. ಇನ್ನು ಮುಂದೆ ತಡವಾದರೆ ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕು ಯಾವ ದೇಶಕ್ಕೂ ಇಲ್ಲ.